ಪ್ಲೇಟಿನ ಮೇಲೆ ಹೆಸರಿಲ್ಲದ ಆ ಟ್ರಂಪೆಟ್‌ನವರು ಯಾರು?

ಪ್ರಶ್ನೆ: ಸರ್, ನಾನು ಗದಗಿನವನು. ಹುಬ್ಬಳ್ಳಿಯ ಒಂದು ಗುಜರಿ ಅಂಗಡಿಯಿಂದ ಹಳೆಯ ಗ್ರಾಮಫೋನ್ ಪ್ಲೇಟುಗಳ ಗಂಟೊಂದನ್ನು ತಂದೆ. ಹೆಚ್ಚಿನವು ನಾಟಕದ ಹಾಡು, ಕೆಲವು ಹಿಂದೂಸ್ತಾನಿ. ನಡುವೆ ಒಂದು ಕೊಲಂಬಿಯಾ ಪ್ಲೇಟು ಸಿಕ್ಕಿತು. ಮೇಲೆ 'ಟೆಡ್ಡಿ ವೆದರ್‌ಫರ್ಡ್ ಅಂಡ್ ಹಿಸ್ ಬ್ಯಾಂಡ್', ಕೆಳಗೆ 'ಫಾಕ್ಸ್‌ಟ್ರಾಟ್' ಅಂತ ಇದೆ. ಹಾಡುವವರಿಲ್ಲ, ಬರೀ ವಾದ್ಯ. ನಡುವೆ ಟ್ರಂಪೆಟ್ ನುಡಿಸಿದವರು ಯಾರೋ, ಅದ್ಭುತ! ಫೋನಿನ ಆ್ಯಪ್ ಲೂಯಿ ಆರ್ಮ್‌ಸ್ಟ್ರಾಂಗ್ ಅನ್ನುತ್ತದೆ. ಗೆಳೆಯರೊಬ್ಬರು ಗೋವಾದ ಚಿಕ್ ಚಾಕೊಲೇಟ್ ಅನ್ನುತ್ತಾರೆ. ಲೇಬಲ್ಲಿನ ಮೇಲೆ ಬೇರೆ ಯಾವ ಹೆಸರೂ ಇಲ್ಲ. ಇದನ್ನು ಪತ್ತೆ ಮಾಡುವುದು ಹೇಗೆ? ಇನ್ನೊಂದು, ಒಬ್ಬರು ಪ್ಲೇಟನ್ನು ಕೊಳ್ಳುತ್ತೇನೆ ಅಂತಿದ್ದಾರೆ. ಕೊಡಲೇ? ತುಣುಕನ್ನು ಫೋನಿನಲ್ಲಿ ಹಿಡಿದು ಕಳಿಸಿದ್ದೇನೆ.

ಉತ್ತರ: ಮುಕ್ಕಾಲು ನಿಮಿಷದ ತುಣುಕು ಕೇಳಿ ಹೆಸರು ಹೇಳುವವರನ್ನು ನಂಬಬೇಡಿ. ನಾನು ಹೇಳಿದರೂ ನಂಬಬೇಡಿ. ಟ್ರಂಪೆಟ್ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಂಥ ಹುಡುಕಾಟದಲ್ಲಿ ಕಿವಿಯ ಸರದಿ ಕೊನೆಗೆ ಬರಬೇಕು. ಮೊದಲು ತಾರೀಖು, ಆಮೇಲೆ ಊರು, ಆಮೇಲೆ ಆ ಹೊತ್ತಿಗೆ ಆ ಊರಿನಲ್ಲಿ ಯಾರ್ಯಾರಿದ್ದರು, ಅದಾದ ಮೇಲೆ ಕಿವಿ. ಬಹಳ ಜನ ಇದನ್ನು ಉಲ್ಟಾ ಮಾಡುತ್ತಾರೆ. 'ಇದು ಅವರದೇ' ಅಂತ ಮೊದಲು ಅನ್ನಿಸುತ್ತದೆ, ಆಮೇಲೆ ಅದಕ್ಕೆ ತಕ್ಕ ಪುರಾವೆ ಹುಡುಕುತ್ತಾರೆ. ಹಾಗೆ ಹುಡುಕಿದರೆ ಸಿಕ್ಕೇ ಸಿಗುತ್ತದೆ ಬಿಡಿ.

ಮೊದಲು ಆ್ಯಪ್ ವಿಷಯ ಮುಗಿಸೋಣ. ಅದು ಯಾರ ಊದುವಿಕೆಯನ್ನೂ ಗುರುತಿಸುವುದಿಲ್ಲ. ನೀವು ಕೇಳಿಸಿದ ಸದ್ದನ್ನು ತನ್ನ ಹತ್ತಿರ ಇರುವ ರೆಕಾರ್ಡಿಂಗ್‌ಗಳ ಜೊತೆ ತಾಳೆ ನೋಡುತ್ತದೆ, ಹೊಂದಿದ್ದಕ್ಕೆ ಯಾರೋ ಅಂಟಿಸಿದ್ದ ಹೆಸರನ್ನು ಓದಿ ಹೇಳುತ್ತದೆ. ಆ ಹೆಸರು ತಪ್ಪಿದ್ದರೆ ಉತ್ತರವೂ ತಪ್ಪು. ಹಳೆಯ ಜಾಝ್‌ನಲ್ಲಿ ಟ್ರಂಪೆಟ್ ಕೇಳಿದೊಡನೆ ಆರ್ಮ್‌ಸ್ಟ್ರಾಂಗ್ ಅಂತ ಬರೆದುಬಿಡುವವರು ಜಾಸ್ತಿ. ಇಲ್ಲಿ ಒಂದು ತಮಾಷೆ ಇದೆ. ಅಮೆರಿಕದ ಟ್ರಂಪೆಟ್ ದೊರೆ ಆರ್ಮ್‌ಸ್ಟ್ರಾಂಗ್ ಮತ್ತು ನಿಮ್ಮ ಪ್ಲೇಟಿನ ನಾಯಕ, ಅಮೆರಿಕದವರೇ ಆದ ಪಿಯಾನೋದ ವೆದರ್‌ಫರ್ಡ್ ನಿಜವಾಗಿಯೂ ಒಟ್ಟಿಗೆ ನುಡಿಸಿದವರು. 1926ರಲ್ಲಿ ಷಿಕಾಗೋದಲ್ಲಿ ಅರ್ಸ್ಕಿನ್ ಟೇಟ್ ಅವರ ಆರ್ಕೆಸ್ಟ್ರಾ ವೊಕಾಲಿಯನ್ ಕಂಪನಿಗೆ ಮಾಡಿಕೊಟ್ಟ ರೆಕಾರ್ಡಿನಲ್ಲಿ ಇಬ್ಬರೂ ಇದ್ದಾರೆ. ಅದೇ ವರ್ಷ ವೆದರ್‌ಫರ್ಡ್ ಏಷ್ಯಾದ ಕಡೆ ಹೊರಟರು. ಆಮೇಲೆ ಅವರ ಬಾಳು ಹೆಚ್ಚಾಗಿ ಈ ಕಡೆಯೇ ಕಳೆಯಿತು. ಷಾಂಘೈ, ಮುಂಬೈಯ ತಾಜ್, ಕಲ್ಕತ್ತಾದ ಗ್ರ್ಯಾಂಡ್ ಹೋಟೆಲ್. ಆರ್ಮ್‌ಸ್ಟ್ರಾಂಗ್ ಬಂದು ಕಲ್ಕತ್ತಾದ ಹೋಟೆಲ್ ಬ್ಯಾಂಡಿನಲ್ಲಿ ಕೂತು ನುಡಿಸಲಿಲ್ಲ. ಆ ಹೆಸರನ್ನು ಇಲ್ಲಿಗೇ ಬಿಡಿ.

ನಿಮ್ಮ ಗೆಳೆಯರ ಊಹೆ ಅಷ್ಟು ಸುಲಭಕ್ಕೆ ತಳ್ಳಿಹಾಕುವಂಥದ್ದಲ್ಲ. ಚಿಕ್ ಚಾಕೊಲೇಟ್, ಅಂದರೆ ಗೋವಾದ ಆಲ್ದೋನಾದ ಆಂಟೋನಿಯೋ ಶಾವಿಯರ್ ವಾಝ್, ಆ ಕಾಲದ ದೊಡ್ಡ ಟ್ರಂಪೆಟ್‌ಗಾರ. ಜನ ಅವರನ್ನು ಇಂಡಿಯಾದ ಆರ್ಮ್‌ಸ್ಟ್ರಾಂಗ್ ಅಂತಲೇ ಕರೆಯುತ್ತಿದ್ದರು. ಆದರೆ ಹೆಸರು ದೊಡ್ಡದಾದಷ್ಟೂ ಅದು ಸಿಕ್ಕಸಿಕ್ಕ ಪ್ಲೇಟಿಗೆಲ್ಲ ಅಂಟಿಕೊಳ್ಳುತ್ತದೆ. ಚಿಕ್ ಅವರ ಹೆಸರು ಬೆಳೆದದ್ದು ಮುಖ್ಯವಾಗಿ ಮುಂಬೈಯಲ್ಲಿ. ನಿಮ್ಮ ಪ್ಲೇಟು ಕಲ್ಕತ್ತಾದಲ್ಲಿ ತಯಾರಾದ ರೆಕಾರ್ಡಿಂಗ್ ಆಗಿದ್ದರೆ ಆ ವಾರ ಚಿಕ್ ಕಲ್ಕತ್ತಾದಲ್ಲಿದ್ದರು ಅನ್ನುವುದಕ್ಕೆ ಏನಾದರೂ ಕಾಗದ ಬೇಕು. ಹೋಟೆಲ್ಲಿನ ಜಾಹೀರಾತೋ, ಫೋಟೋನೋ, ಏನಾದರೂ. 'ಅವರ ಹಾಗೆಯೇ ಕೇಳುತ್ತದೆ' ಅನ್ನುವುದು ಸಾಲದು, ಯಾಕೆಂದರೆ ಆಗ ಟ್ರಂಪೆಟ್ ಹಿಡಿದವರಲ್ಲಿ ಅರ್ಧಕ್ಕರ್ಧ ಜನ ಆರ್ಮ್‌ಸ್ಟ್ರಾಂಗ್ ಪ್ಲೇಟು ಹಾಕಿಕೊಂಡು ಕಲಿತವರೇ. ಒಬ್ಬರ ಹಾಗೆ ಇನ್ನೊಬ್ಬರು ಕೇಳಿಸುವುದರಲ್ಲಿ ಆಶ್ಚರ್ಯ ಏನಿದೆ? ಕಿರಾಣಾ ಘರಾಣೆಯ ಶಿಷ್ಯರ ಎರಡು ನಿಮಿಷದ ಆಲಾಪ ಕೇಳಿ ಇದು ಗುರುವೇ ಅಂದುಕೊಂಡವರು ಧಾರವಾಡದ ಬೈಠಕ್ಕುಗಳಲ್ಲಿ ಎಷ್ಟು ಜನ ಇಲ್ಲ!

ಈಗ ತಾರೀಖು. ಟೆಡ್ಡಿ ವೆದರ್‌ಫರ್ಡ್ 1945ರ ಏಪ್ರಿಲ್‌ನಲ್ಲಿ ಕಲ್ಕತ್ತಾದಲ್ಲಿ ಕಾಲರಾದಿಂದ ತೀರಿಕೊಂಡರು. ಹಾಗಾಗಿ ಒಂದು ಕಡೆಯ ಗಡಿ ನಿಮಗೆ ಸಿಕ್ಕಿತು. ಅದಾದ ಮೇಲೆ ಬಿಡುಗಡೆ ಆಗಿದ್ದರೂ ನುಡಿಸಿದ್ದು ಅದಕ್ಕಿಂತ ಮುಂಚೆಯೇ. ಇನ್ನೊಂದು ಕಡೆಯ ಗಡಿ ಪ್ಲೇಟಿನ ಮೇಲೆಯೇ ಇದೆ. ಲೇಬಲ್ಲಿನ ಮೇಲೆ ದೊಡ್ಡದಾಗಿ ಅಚ್ಚಾಗಿರುವುದು ಕ್ಯಾಟಲಾಗ್ ನಂಬರು. ಅದು ಅಂಗಡಿಯವರಿಗೆ ಬೇಕಾದದ್ದು. ನಿಮಗೆ ಬೇಕಾದದ್ದು ಮ್ಯಾಟ್ರಿಕ್ಸ್ ನಂಬರು. ಲೇಬಲ್ಲಿನ ಸುತ್ತ ಗೆರೆ ಮುಗಿದ ಮೇಲೆ ನುಣುಪಾದ ಜಾಗ ಇರುತ್ತಲ್ಲ, ಅಲ್ಲಿ ಕೊರೆದಿರುತ್ತಾರೆ ಅಥವಾ ಒತ್ತಿರುತ್ತಾರೆ. ಪ್ಲೇಟನ್ನು ಕಿಟಕಿಯ ಹತ್ತಿರ ಓರೆಯಾಗಿ ಹಿಡಿದರೆ ಕಾಣುತ್ತದೆ, ಫೋನಿನ ಟಾರ್ಚನ್ನು ಪಕ್ಕದಿಂದ ಬಿಟ್ಟರೆ ಇನ್ನೂ ಚೆನ್ನಾಗಿ ಕಾಣುತ್ತದೆ. ಅಕ್ಷರ, ಅಂಕಿ, ಗೀರು, ಚುಕ್ಕಿ ಏನಿದೆಯೋ ಎಲ್ಲ ಬರೆದುಕೊಳ್ಳಿ. ಯಾವುದನ್ನೂ ಬೇಡ ಅಂತ ಬಿಡಬೇಡಿ. ಮ್ಯಾಟ್ರಿಕ್ಸ್ ನಂಬರು ರೆಕಾರ್ಡಿಂಗ್ ಆದ ಸರದಿಯನ್ನು ತೋರಿಸುತ್ತದೆ. ಅದರ ಪಕ್ಕದ ಪುಟ್ಟ ಅಂಕಿ ಸಾಮಾನ್ಯವಾಗಿ ಎಷ್ಟನೇ ಟೇಕ್, ಅಂದರೆ ಅದೇ ಹಾಡನ್ನು ಎಷ್ಟನೇ ಸಲ ನುಡಿಸಿದ್ದು ಅನ್ನುವುದನ್ನು ಹೇಳುತ್ತದೆ. ಒಂದೇ ಸರಣಿಯಲ್ಲಿ ಹಿಂದಿನ, ಮುಂದಿನ ನಂಬರಿನ ರೆಕಾರ್ಡುಗಳ ತಾರೀಖು ಗೊತ್ತಿದ್ದರೆ ನಿಮ್ಮದರ ತಾರೀಖು ಅವೆರಡರ ನಡುವೆ ಬಂತು.

ಎರಡೂ ಬದಿಯ ನಂಬರು ನೋಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಒಂದು ಪ್ಲೇಟಿನ ಎರಡು ಬದಿಗಳು ಒಂದೇ ದಿನ ರೆಕಾರ್ಡ್ ಆಗಿರಬೇಕು ಅಂತೇನೂ ಇಲ್ಲ. ಎರಡು ಮ್ಯಾಟ್ರಿಕ್ಸ್ ನಂಬರುಗಳ ನಡುವೆ ದೊಡ್ಡ ಅಂತರ ಇದ್ದರೆ ಬ್ಯಾಂಡಿನಲ್ಲಿ ಜನವೂ ಬದಲಾಗಿರಬಹುದು. ಈ ಬದಿಯ ಟ್ರಂಪೆಟ್‌ನವರೇ ಆ ಬದಿಯಲ್ಲೂ ಇದ್ದಾರೆ ಅಂತ ಅಂದುಕೊಂಡು ಮುಂದೆ ಹೋದರೆ ಲೆಕ್ಕ ಪೂರ್ತಿ ಎಡವಟ್ಟಾಗುತ್ತದೆ.

ಊರಿನ ಬಗ್ಗೆ ಒಂದು ಎಚ್ಚರಿಕೆ. ಲೇಬಲ್ಲಿನ ಮೇಲೆ 'ಡಮ್ ಡಮ್' ಅಂತ ಇದ್ದರೆ ಅದು ಪ್ಲೇಟು ಒತ್ತಿದ ಜಾಗ, ನುಡಿಸಿದ ಜಾಗ ಅಲ್ಲ. ಎಚ್‌ಎಂವಿ ಮತ್ತು ಕೊಲಂಬಿಯಾ 1931ರಲ್ಲಿ ಒಂದೇ ಕಂಪನಿಯಾದವು, ಅದೇ ಇಎಂಐ. ಮುಂಬೈಯಲ್ಲಿ ನುಡಿಸಿದ್ದನ್ನೂ ಲಂಡನ್ನಿನಲ್ಲಿ ನುಡಿಸಿದ್ದನ್ನೂ ಕಲ್ಕತ್ತಾ ಹತ್ತಿರದ ಡಮ್ ಡಮ್ ಕಾರ್ಖಾನೆಯಲ್ಲೇ ಒತ್ತುತ್ತಿದ್ದರು. ನಿಮ್ಮ ಗಂಟಿನಲ್ಲಿರುವ ನಾಟಕದ ಪ್ಲೇಟುಗಳ ಮೇಲೂ ಡಮ್ ಡಮ್ ಅಂತಲೇ ಇದ್ದೀತು, ಹಾಗಂತ ನಾಟಕದವರೆಲ್ಲ ಕಲ್ಕತ್ತಾಗೆ ಹೋಗಿ ಹಾಡಿದರು ಅಂತಲ್ಲ.

ಇಂಥ ಪ್ಲೇಟು ಹುಬ್ಬಳ್ಳಿಯ ಗುಜರಿಗೆ ಹೇಗೆ ಬಂತು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹುಬ್ಬಳ್ಳಿ ರೈಲ್ವೆ ಊರು. ವರ್ಕ್‌ಶಾಪು, ರೈಲ್ವೆ ಕಾಲೊನಿ, ಅಲ್ಲಿನ ಆಂಗ್ಲೋ ಇಂಡಿಯನ್ ಮನೆಗಳು, ಲೋಂಡಾ ದಾರಿಯಲ್ಲಿ ಗೋವಾದಿಂದ ಬಂದು ನೆಲೆಸಿದವರು. ಫಾಕ್ಸ್‌ಟ್ರಾಟ್ ಕೇಳುವವರು, ಕುಣಿಯುವವರು ಇಲ್ಲೇ ಇದ್ದರು. ಮನೆ ಖಾಲಿ ಮಾಡುವಾಗ ಪೆಟ್ಟಿಗೆಯೂ ಪ್ಲೇಟೂ ಗುಜರಿಗೆ ಬೀಳುತ್ತವೆ. ಆ ಅಂಗಡಿಯವರನ್ನು ಇನ್ನೊಮ್ಮೆ ಹೋಗಿ ಮಾತಾಡಿಸಿ. ಗಂಟು ಯಾವ ಓಣಿಯಿಂದ ಬಂತು, ಜೊತೆಗೆ ಪೇಪರು, ಫೋಟೋ, ಪಟ್ಟಿ ಪುಸ್ತಕ ಏನಾದರೂ ಇತ್ತಾ ಅಂತ ಕೇಳಿ. ಕಂಪನಿಗಳು ಹೊಸ ಪ್ಲೇಟುಗಳ ಪುಟ್ಟ ಪಟ್ಟಿ ಪುಸ್ತಕಗಳನ್ನು ಹಂಚುತ್ತಿದ್ದವು. ಅಂಥದ್ದೊಂದು ಸಿಕ್ಕರೆ ಬಿಡುಗಡೆಯ ತಿಂಗಳು ಗೊತ್ತಾಗಬಹುದು. ಪ್ಲೇಟಿಗಿಂತ ಆ ಹಾಳೆಗೇ ಬೆಲೆ ಜಾಸ್ತಿ, ನನ್ನ ಮಟ್ಟಿಗಂತೂ.

ಇನ್ನು ಯಾರ್ಯಾರಿದ್ದರು ಅನ್ನುವುದು. ತಾರೀಖು ಯಾಕೆ ಅಷ್ಟು ಮುಖ್ಯ ಅನ್ನುವುದು ಇಲ್ಲಿ ಗೊತ್ತಾಗುತ್ತದೆ. 1935ರಲ್ಲಿ ಪಿಟೀಲಿನ ಲಿಯಾನ್ ಆಬಿ ಕರಿಯ ಅಮೆರಿಕನ್ನರ ಜಾಝ್ ಬ್ಯಾಂಡನ್ನು ಮುಂಬೈಯ ತಾಜ್‌ಗೆ ಕರೆತಂದರು. ಅದರ ಹಿಂದೆಯೇ ಕಾರ್ನೆಟ್‌ನ ಕ್ರಿಕೆಟ್ ಸ್ಮಿತ್ 1936ರಲ್ಲಿ ಮುಂಬೈಯಲ್ಲಿ ರೆಕ್ಸ್ ಲೇಬಲ್ಲಿಗೆ ನುಡಿಸಿದರು. 1927ರಲ್ಲಿ ಡ್ಯೂಕ್ ಎಲಿಂಗ್ಟನ್ ಬ್ಯಾಂಡಿನಲ್ಲಿದ್ದ ಕ್ಲಾರಿನೆಟ್‌ನ ರೂಡಿ ಜಾಕ್ಸನ್ ಕೂಡ ಆಮೇಲೆ ಈ ಕಡೆ ಬಂದವರೇ. ಸ್ಯಾಕ್ಸೊಫೋನ್‌ನ ರಾಯ್ ಬಟ್ಲರ್ ಆಬಿ ಜೊತೆಗೂ ವೆದರ್‌ಫರ್ಡ್ ಜೊತೆಗೂ ನುಡಿಸಿದರು. ಇದು 30ರ ದಶಕದ ಮಾತು. ಯುದ್ಧ ಶುರುವಾದ ಮೇಲೆ ಚಿತ್ರವೇ ಬೇರೆ. ಅಮೆರಿಕದವರಲ್ಲಿ ಅನೇಕರು ಊರಿಗೆ ಮರಳಿದರು. 1942ರ ಮಾರ್ಚ್‌ನಲ್ಲಿ ಜಪಾನಿ ಸೈನ್ಯ ರಂಗೂನ್ ಹಿಡಿಯಿತು. ಬರ್ಮಾ ಬಿಟ್ಟು ಕಲ್ಕತ್ತಾ ಸೇರಿದವರಲ್ಲಿ ವಾದ್ಯದವರೂ ಇದ್ದರು. ಗಿಟಾರಿನ ಸೆಡ್ರಿಕ್ ವೆಸ್ಟ್, ಕ್ಲಾರಿನೆಟ್‌ನ ರೂಬೆನ್ ಸಾಲೊಮನ್ ಇಬ್ಬರೂ ಬರ್ಮಾದ ಕಡೆಯವರು. ಟ್ರಂಪೆಟ್‌ಗೆ ಬಂದರೆ ಕಲ್ಕತ್ತಾದಲ್ಲಿ ನೇಪಾಳಿ ಮೂಲದ ಜಾರ್ಜ್ ಬ್ಯಾಂಕ್ಸ್ ಇದ್ದರು, ಪಿಯಾನೋದ ಲೂಯಿ ಬ್ಯಾಂಕ್ಸ್ ಅವರ ತಂದೆ. ಆಂಗ್ಲೋ ಇಂಡಿಯನ್ನರು, ಗೋವಾದವರು, ರಜೆಯಲ್ಲಿ ಬಂದು ಒಂದು ಕೈ ನುಡಿಸಿ ಹೋಗುವ ಅಮೆರಿಕದ ಸೈನಿಕರು. ನೋಡಿ, ನಿಮ್ಮ ಪ್ಲೇಟು 1941ರದೋ 1943ರದೋ ಅನ್ನುವುದರ ಮೇಲೆ ಅನುಮಾನಿತರ ಪಟ್ಟಿಯೇ ಬದಲಾಗುತ್ತದೆ.

ಒಂದು ಅಡ್ಡಮಾತು. 1942ರ ಆಗಸ್ಟ್ 1ರಿಂದ ಅಮೆರಿಕದ ವಾದ್ಯಗಾರರ ಸಂಘ ಕಂಪನಿಗಳಿಗೆ ರೆಕಾರ್ಡಿಂಗ್ ಮಾಡಿಕೊಡುವುದನ್ನೇ ನಿಲ್ಲಿಸಿತು. ಡೆಕಾ ಕಂಪನಿ 1943ರಲ್ಲಿ ರಾಜಿಯಾಯಿತು, ಅಲ್ಲಿನ ಕೊಲಂಬಿಯಾ (ನಿಮ್ಮ ಪ್ಲೇಟಿನದಲ್ಲ, ಅಮೆರಿಕದ್ದು) ಮತ್ತು ವಿಕ್ಟರ್ 1944ರ ನವೆಂಬರ್ ತನಕ ಜಗ್ಗಾಡಿದವು. ಅತ್ತ ಪ್ಲೇಟು ಮಾಡಲು ಬೇಕಾದ ಅರಗಿಗೂ ಬರ, ಯಾಕೆಂದರೆ ಅದು ಹೋಗಬೇಕಾದದ್ದೇ ನಮ್ಮ ದೇಶದಿಂದ. ಅಮೆರಿಕದ ದೊಡ್ಡ ಕಂಪನಿಗಳು ಸುಮ್ಮನೆ ಕೂತಿದ್ದ ಆ ದಿನಗಳಲ್ಲಿ ಕಲ್ಕತ್ತಾದಲ್ಲಿ ಜಾಝ್ ರೆಕಾರ್ಡ್ ಆಗುತ್ತಲೇ ಇತ್ತು. ನಿಮ್ಮ ಪ್ಲೇಟು ಆ ಅವಧಿಯದ್ದಾಗಿದ್ದರೆ ಅದರ ಮೇಲೆ ನನಗೆ ಇನ್ನೂ ಜಾಸ್ತಿ ಆಸೆ.

ಕಾಗದ ಎಲ್ಲಿ ಸಿಗುತ್ತದೆ? ಅಮೆರಿಕದ ರೆಕಾರ್ಡಾಗಿದ್ದರೆ ಕೆಲಸ ಎಷ್ಟೋ ಹಗುರ. ಅಲ್ಲಿ ಸಂಘದ ಫಾರಂನಲ್ಲಿ ಪ್ರತಿಯೊಬ್ಬರ ಹೆಸರು, ಕೂಲಿ ಬರೆಯುತ್ತಿದ್ದರು. ವಿಕ್ಟರ್‌ನಂಥ ಕಂಪನಿಯ ಲೆಡ್ಜರುಗಳ ವಿವರವನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಕೇಂದ್ರ ಎಲ್ಲರಿಗೂ ಉಚಿತವಾಗಿ ನೋಡಲು ಇಟ್ಟಿದೆ. ಇಲ್ಲಿಯ ರೆಕಾರ್ಡಿಗೆ ಅಂಥ ಸುಖ ಇಲ್ಲ. ಲಂಡನ್ ಹತ್ತಿರ ಹೇಯ್ಸ್‌ನಲ್ಲಿ ಇಎಂಐ ದಾಖಲೆಗಳ ಟ್ರಸ್ಟ್ ಇದೆ, ಮ್ಯಾಟ್ರಿಕ್ಸ್ ನಂಬರು ಕೊಟ್ಟು ಪತ್ರ ಬರೆಯಬಹುದು. ಆದರೆ ಲೆಡ್ಜರಿನಲ್ಲಿ ನಾಯಕನ ಹೆಸರು ಮತ್ತು ತಾರೀಖು ಸಿಕ್ಕರೆ ಅದೇ ಲಾಭ ಅಂತ ತಿಳಿಯಿರಿ. ಕೂತು ನುಡಿಸಿದವರ ಹೆಸರು ಬರೆಯುವ ಅಗತ್ಯ ಯಾರಿಗೂ ಇರಲಿಲ್ಲ. ದಿನದ ಕೂಲಿ ಕೊಟ್ಟರೆ ಮುಗಿಯಿತು, ಮಾರಾಟ ಆಗುವುದು ನಾಯಕನ ಹೆಸರಿನಿಂದ. ನಮ್ಮ ಹಿಂದೂಸ್ತಾನಿ ಪ್ಲೇಟುಗಳಲ್ಲೂ ಅಷ್ಟೇ ಅಲ್ವಾ? ಹಾಡಿದವರು, ರಾಗ, ಬಂದಿಶ್ ಇರುತ್ತದೆ. ತಬಲಾ, ಸಾರಂಗಿ ಯಾರದು ಅಂತ ಬರೆದ ಪ್ಲೇಟು ಅಪರೂಪ. ನಿಮ್ಮ ಗಂಟಿನಲ್ಲೇ ತೆಗೆದು ನೋಡಿ.

ಹಾಗಾಗಿ ಇಲ್ಲಿ ನಿಜವಾದ ಖಜಾನೆ ಅಂದರೆ ಪತ್ರಿಕೆ. ಕಲ್ಕತ್ತಾದ ಸ್ಟೇಟ್ಸ್‌ಮನ್, ಮುಂಬೈಯ ಟೈಮ್ಸ್ ಆಫ್ ಇಂಡಿಯಾ ಎರಡರಲ್ಲೂ ಹೋಟೆಲ್ಲುಗಳ ಜಾಹೀರಾತು ಬರುತ್ತಿತ್ತು. ಯಾವ ಬ್ಯಾಂಡು, ಯಾವತ್ತಿನಿಂದ, ಕೆಲವು ಸಲ ಯಾವ ವಿಶೇಷ ಕಲಾವಿದ. ಹಳೆಯ ಸಂಚಿಕೆಗಳನ್ನು ಕಂಪ್ಯೂಟರಿನಲ್ಲಿ ಓದುವ ಅನುಕೂಲ ಇದೆಯಾ ಅಂತ ಧಾರವಾಡದ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಕೇಳಿ. ಇಲ್ಲದಿದ್ದರೆ ಕೋಲ್ಕತ್ತಾದ ನ್ಯಾಷನಲ್ ಲೈಬ್ರರಿ. ಇನ್ನು ಬ್ಯಾಂಡಿನ ಗುಂಪು ಫೋಟೋ. ದೊಡ್ಡ ಡ್ರಮ್ಮಿನ ಮೇಲೆ ನಾಯಕನ ಹೆಸರು ಬರೆದಿರುತ್ತದೆ, ಕೂತವರ ಕೈಯಲ್ಲಿ ವಾದ್ಯ ಇರುತ್ತದೆ. ವಾದ್ಯ ಎಣಿಸಿದರೆ ಎಷ್ಟು ಟ್ರಂಪೆಟ್, ಎಷ್ಟು ಸ್ಯಾಕ್ಸ್ ಗೊತ್ತಾಯಿತು. ಇಂಥ ಫೋಟೋಗಳು ಸಂಸ್ಥೆಗಳಿಗಿಂತ ಮನೆಗಳಲ್ಲಿ ಜಾಸ್ತಿ ಇವೆ, ಅದರಲ್ಲೂ ಗೋವಾದ ಹಳ್ಳಿ ಮನೆಗಳಲ್ಲಿ. ಹುಬ್ಬಳ್ಳಿಯಿಂದ ಗೋವಾ ಎಷ್ಟು ದೂರ ಹೇಳಿ!

ಈಗ ಕಿವಿಯ ಕೆಲಸಕ್ಕೆ ಬರೋಣ. ಕೇಳುವ ಮೊದಲು ಪ್ಲೇಟನ್ನು ಸರಿಯಾಗಿ ಕಂಪ್ಯೂಟರಿಗೆ ಇಳಿಸಬೇಕು. ನೀವು ಕಳಿಸಿದ ತುಣುಕು ಕೀಲಿ ಕೊಡುವ ಪೆಟ್ಟಿಗೆಯಲ್ಲಿ ಹಾಕಿದ್ದು, ಅಲ್ಲವೇ? ಶುರುವಿನಲ್ಲಿ ಇದ್ದ ಶ್ರುತಿ ಕೊನೆಗೆ ಇಳಿದಿದೆ. ಸ್ಪ್ರಿಂಗ್ ಸಡಿಲಾಗುತ್ತಾ ಬಂದಿದೆ. ಅದಕ್ಕಿಂತ ಹೆಚ್ಚಾಗಿ, ಆ ಉಕ್ಕಿನ ಮುಳ್ಳು ಪ್ಲೇಟನ್ನು ತಿಂದುಹಾಕುತ್ತದೆ. ಆಗ ಒಂದೊಂದು ಬದಿಗೂ ಹೊಸ ಮುಳ್ಳು ಹಾಕುತ್ತಿದ್ದರು. ಈಗ ಡಬ್ಬಿಯಲ್ಲಿ ಉಳಿದ ಹಳೆ ಮುಳ್ಳನ್ನೇ ಮತ್ತೆ ಮತ್ತೆ ಹಾಕುತ್ತೇವೆ. ದಯವಿಟ್ಟು ಈ ಪ್ಲೇಟನ್ನು ಆ ಪೆಟ್ಟಿಗೆಗೆ ಇನ್ನು ಹಾಕಬೇಡಿ. 78ರ ವೇಗ ಇರುವ ವಿದ್ಯುತ್ ಟರ್ನ್‌ಟೇಬಲ್ ಬೇಕು, 78ಕ್ಕೇ ಅಂತ ಸಿಗುವ ದಪ್ಪ ತುದಿಯ ಸೂಜಿ ಬೇಕು. ಎಲ್‌ಪಿ ಸೂಜಿಯ ತುದಿ ತೀರ ಸಣ್ಣದು, ಗೆರೆಯ ತಳದಲ್ಲಿ ಹೊರಳಾಡಿ ಬರೀ ಕರಕರ ಎತ್ತುತ್ತದೆ. ತೊಳೆಯುವುದಾದರೆ ಸ್ಪಿರಿಟ್ ಮುಟ್ಟಿಸಲೇಬೇಡಿ. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ, ಪ್ಲೇಟು ಹಾಳಾಯಿತು ಅಂತಲೇ ಲೆಕ್ಕ.

ಇಳಿಸಿದ ಮೇಲೆ ಗದ್ದಲ ತೆಗೆಯುವ ಬಟನ್ ಒತ್ತುವ ಆಸೆಯಾಗುತ್ತದೆ. ಒತ್ತಬೇಡಿ. ಕರಕರದ ಜೊತೆಗೆ ಊದುವವರ ಉಸಿರು, ರೀಡಿನ ಸದ್ದು, ಸಿಂಬಲ್ಲಿನ ಕೊನೆಯ ಝಣಝಣ ಎಲ್ಲವೂ ಹೋಗುತ್ತದೆ. ಮನುಷ್ಯರನ್ನು ಗುರುತಿಸುವುದು ಅವುಗಳಿಂದಲೇ. ಟಕ್ ಟಕ್ ಅನ್ನುವ ದೊಡ್ಡ ಏಟುಗಳನ್ನು ಬೇಕಾದರೆ ತೆಗೆಯಿರಿ, ಅಷ್ಟು ಸಾಕು.

ವೇಗದ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ತಪ್ಪಿದರೆ ಮುಂದಿನದೆಲ್ಲ ಸುಳ್ಳು. ಪ್ಲೇಟು 78ರ ಬದಲು ಸುಮಾರು 82.5 ಸುತ್ತು ತಿರುಗಿದರೆ ಅರ್ಧ ಸ್ವರ ಮೇಲಕ್ಕೆ ಹೋಗುತ್ತದೆ. ಟ್ರಂಪೆಟ್ ಚುರುಕಾಗುತ್ತದೆ, ನಾದ ತೆಳುವಾಗುತ್ತದೆ, ಕಂಪನ ವೇಗವಾಗುತ್ತದೆ. ನೀವು 'ಇವರದು ಎಷ್ಟು ಹಗುರ ಊದುವಿಕೆ' ಅಂದುಕೊಳ್ಳುತ್ತೀರಿ, ಇರುವುದು ಮೋಟಾರಿನ ತಪ್ಪು. ಸರಿಯಾದ ವೇಗ ಕಂಡುಹಿಡಿಯಲು ನಿಮ್ಮ ಮನೆಯ ಹಾರ್ಮೋನಿಯಂ ಸಾಕು. ಟ್ರಂಪೆಟ್, ಟೆನರ್ ಸ್ಯಾಕ್ಸ್, ಕ್ಲಾರಿನೆಟ್ ಇವುಗಳ ಸಹಜ ಶ್ರುತಿ ಬಿ ಫ್ಲಾಟ್, ಅಂದರೆ ನಮ್ಮ ಕರಿ ಐದು. ಆಲ್ಟೊ ಸ್ಯಾಕ್ಸ್ ಇ ಫ್ಲಾಟ್, ಕರಿ ಎರಡು. ಹಾಗಾಗಿ ಕುಣಿತದ ಬ್ಯಾಂಡುಗಳು ಕರಿ ಐದು, ಕರಿ ಎರಡು, ಬಿಳಿ ನಾಲ್ಕರಲ್ಲಿ ಹೆಚ್ಚಾಗಿ ನುಡಿಸುತ್ತಿದ್ದವು. ನಿಮ್ಮ ಪ್ಲೇಟು ಬಿಳಿ ಏಳರಲ್ಲಿ ಕೇಳಿಸಿದರೆ ಆ ಬ್ಯಾಂಡು ಅಷ್ಟು ಕಷ್ಟದ ಶ್ರುತಿ ಆರಿಸಿಕೊಂಡಿತು ಅನ್ನುವುದಕ್ಕಿಂತ ವೇಗ ಜಾಸ್ತಿಯಾಗಿದೆ ಅನ್ನುವುದೇ ಹೆಚ್ಚು ಸಂಭವ. ಕರಿ ಐದಕ್ಕೆ ಇಳಿಸಿ ಮತ್ತೆ ಕೇಳಿ. ಮನುಷ್ಯರೇ ಬದಲಾದ ಹಾಗೆ ಕೇಳಿಸುತ್ತದೆ.

ಆಮೇಲೆ ಎಣಿಸಿ. ಹೆಸರಲ್ಲ, ತಲೆ. ಎಲ್ಲರೂ ಒಟ್ಟಿಗೆ ನುಡಿಸುವ ಕಡೆ ಎಷ್ಟು ಟ್ರಂಪೆಟ್ ದನಿ ಇವೆ? ಒಂದೇ ಇದ್ದರೆ ನಿಮ್ಮ ಕೆಲಸ ಅರ್ಧ ಮುಗಿಯಿತು. ಎರಡಿದ್ದರೆ ಸೋಲೊ, ಅಂದರೆ ಒಬ್ಬರೇ ಮುಂದಾಗಿ ನುಡಿಸುವ ಭಾಗ, ನುಡಿಸಿದವರು ಮೊದಲನೆಯವರೋ ಎರಡನೆಯವರೋ ಅನ್ನುವ ಪ್ರಶ್ನೆ ಹೊಸದಾಗಿ ಹುಟ್ಟುತ್ತದೆ. ಸ್ಯಾಕ್ಸ್ ನುಡಿಸುವವರೇ ಕ್ಲಾರಿನೆಟ್ಟಿಗೆ, ಪಿಟೀಲಿಗೆ ಕೈ ಬದಲಿಸುತ್ತಿದ್ದರು. ಕ್ಲಾರಿನೆಟ್ ಬರುವಾಗ ಸ್ಯಾಕ್ಸ್ ದನಿ ಒಂದು ಕಡಿಮೆಯಾಯಿತೇ ಗಮನಿಸಿ. ಆಗ ಒಬ್ಬರೇ ಎರಡು ಸಲ ನುಡಿಸಿ ಮೇಲೆ ಮೇಲೆ ಸೇರಿಸುವ ರೂಢಿ ಇರಲಿಲ್ಲ. 1941ರಲ್ಲಿ ಸಿಡ್ನಿ ಬೆಷೆ ವಿಕ್ಟರ್‌ಗಾಗಿ ಒಬ್ಬರೇ ಎಲ್ಲ ವಾದ್ಯ ನುಡಿಸಿದ್ದು ಒಂದು ಸಾಹಸ, ಅಷ್ಟೇ. ಆದ್ದರಿಂದ ಒಟ್ಟಿಗೆ ಕೇಳಿಸುವ ಪ್ರತಿ ದನಿಗೂ ಕೋಣೆಯಲ್ಲಿ ಒಬ್ಬ ಮನುಷ್ಯ ಕೂತಿದ್ದಾನೆ ಅಂತ ಲೆಕ್ಕ ಹಾಕಬಹುದು.

ಪಿಯಾನೋ ಕೇಳಿ ಅಂದರೆ ನಗಬೇಡಿ. ಲೇಬಲ್ಲಿನ ಮೇಲೆ ನಾಯಕನ ಹೆಸರಿದ್ದ ಮಾತ್ರಕ್ಕೆ ಆ ದಿನ ನಾಯಕ ಅಲ್ಲಿದ್ದ ಅಂತ ಇಲ್ಲ. ವೆದರ್‌ಫರ್ಡ್ 1937ರಲ್ಲಿ ಪ್ಯಾರಿಸ್‌ನಲ್ಲಿ ಸ್ವಿಂಗ್ ಲೇಬಲ್ಲಿಗೆ ಒಬ್ಬರೇ ಕೂತು ನುಡಿಸಿದ ಪಿಯಾನೋ ರೆಕಾರ್ಡುಗಳಿವೆ, ಹುಡುಕಿದರೆ ಕೇಳಲು ಸಿಗುತ್ತವೆ. ಎಡಗೈಯ ಬಲ ನೋಡಿ, ನಿಮ್ಮ ಪ್ಲೇಟಿನ ಪಿಯಾನೋ ಜೊತೆ ಇಟ್ಟು ನೋಡಿ. ಇನ್ನೊಂದು ಉಪಾಯ ಸ್ಟುಡಿಯೋದ ಪಿಯಾನೋದೇ. ಅದರ ಯಾವುದೋ ಒಂದು ಮನೆ (ಒತ್ತುವ ಪಟ್ಟಿ) ಶ್ರುತಿ ತಪ್ಪಿದ್ದರೆ ಅದೇ ತಪ್ಪು ಅದೇ ವಾರದ ಬೇರೆ ರೆಕಾರ್ಡಿನಲ್ಲೂ ಕೇಳಿಸುತ್ತದೆ. ಎರಡು ಪ್ಲೇಟುಗಳು ಒಂದೇ ಕೋಣೆಯವು, ಹತ್ತಿರದ ದಿನದವು ಅನ್ನುವುದಕ್ಕೆ ಇದು ಒಳ್ಳೆಯ ಸುಳಿವು.

ಟ್ರಂಪೆಟ್ ಸೋಲೊವನ್ನು ಬೇರೆ ಮಾಡಿ ಕತ್ತರಿಸಿಕೊಳ್ಳಿ. ಶ್ರುತಿ ಕೆಡದಂತೆ ನಿಧಾನ ಮಾಡುವ ಉಚಿತ ಸಾಫ್ಟ್‌ವೇರ್‌ಗಳಿವೆ, ಆಡಾಸಿಟಿ ಸಾಕು. ಕೇಳಬೇಕಾದದ್ದು ಆತ ಏನು ನುಡಿಸಿದ ಅನ್ನುವುದನ್ನಲ್ಲ, ಹೇಗೆ ನುಡಿಸಿದ ಅನ್ನುವುದನ್ನು. ಸ್ವರಗಳ ಸಾಲನ್ನು ಯಾರು ಬೇಕಾದರೂ ಕದಿಯಬಹುದು. ಅಮೆರಿಕದಿಂದ, ಲಂಡನ್ನಿನಿಂದ ಅಚ್ಚಾದ ಬ್ಯಾಂಡ್ ನೊಟೇಶನ್ ತರಿಸುತ್ತಿದ್ದರು, ಪ್ಲೇಟು ಕೇಳಿ ಸೋಲೊಗಳನ್ನು ಹಾಗೆಯೇ ಎತ್ತುತ್ತಿದ್ದರು. ಕದಿಯಲು ಬಾರದ್ದು ಬೇರೆ ಇದೆ. ಉದ್ದ ಸ್ವರ ಹಿಡಿದಾಗ ಕಂಪನ ಮೊದಲಿನಿಂದ ಇದೆಯೋ ಕೊನೆಗೆ ಬರುತ್ತದೋ? ಸ್ವರವನ್ನು ನಾಲಿಗೆಯಿಂದ ಕಡಿದು ಶುರು ಮಾಡುತ್ತಾರೋ, ಜಾರಿಸಿಕೊಂಡು ಹತ್ತುತ್ತಾರೋ? ತಾಳಕ್ಕಿಂತ ಒಂದು ಕೂದಲು ಹಿಂದೆಯೋ ಮುಂದೆಯೋ? ಉಸಿರು ಎಲ್ಲಿ? ಮೇಲಿನ ಸ್ವರಕ್ಕೆ ಹೋದಾಗ ನಾದ ದಪ್ಪವೇ ಇದೆಯೋ ತೆಳುವಾಯಿತೋ?

ಇದಕ್ಕೆ ನಿಮ್ಮ ಊರಲ್ಲೇ ಸಹಾಯ ಇದೆ. ಹುಬ್ಬಳ್ಳಿ, ಹಾವೇರಿ ಕಡೆ ಮದುವೆಗೆ ನುಡಿಸುವ ಬ್ಯಾಂಡ್ ಕಂಪನಿಯ ಹಿರಿಯ ಟ್ರಂಪೆಟ್‌ನವರೊಬ್ಬರಿಗೆ ತುಣುಕು ಕೇಳಿಸಿ. ಜಾಝ್ ಅವರಿಗೆ ಗೊತ್ತಿರಬೇಕಾಗಿಲ್ಲ. ಟ್ರಂಪೆಟ್ಟಿನ ಬಾಯಿಗೆ ಮುಚ್ಚಳ ಹಾಕಿ ನುಡಿಸಿದ್ದಾರಾ, ಈ ಜಾಗ ಬೆರಳಿಗೆ ಕಷ್ಟವೋ ಸುಲಭವೋ, ಇಲ್ಲಿ ತುಟಿ ದಣಿದಿದೆಯಾ ಅನ್ನುವುದನ್ನು ಅವರಷ್ಟು ಚೆನ್ನಾಗಿ ನಾನು ಹೇಳಲಾರೆ. ಇನ್ನು ಗದಗಿನಲ್ಲಿದ್ದೀರಿ, ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು ನಿಮ್ಮ ಪರಿಚಯದಲ್ಲಿ ಇದ್ದೇ ಇರುತ್ತಾರೆ. ಪಂಚಾಕ್ಷರಿ ಗವಾಯಿಗಳ, ಪುಟ್ಟರಾಜ ಗವಾಯಿಗಳ ಪರಂಪರೆಯ ಕಿವಿ ಅದು. ಆದರೆ ಅವರಿಗೆ 'ಇದು ಯಾರು' ಅಂತ ಕೇಳಬೇಡಿ. ಹೆಸರು ಹೇಳದೆ ಎರಡು ತುಣುಕು ಕೇಳಿಸಿ, 'ಇಬ್ಬರೂ ಒಬ್ಬರೇನಾ, ಬೇರೆ ಬೇರೆನಾ' ಅಂತ ಕೇಳಿ. ನಿಮ್ಮ ಪ್ಲೇಟಿನದು ಒಂದು, ಖಚಿತವಾಗಿ ಚಿಕ್ ಅವರದು ಅಂತ ಗೊತ್ತಿರುವುದು ಒಂದು. ಪರೀಕ್ಷೆಗೆ ಅಂತ ಬೇರೆ ಯಾರದ್ದಾದರೂ ಒಂದೆರಡು ತುಣುಕನ್ನೂ ನಡುವೆ ಸೇರಿಸಿ. ಹೆಸರು ಮೊದಲೇ ಕಿವಿಗೆ ಬಿದ್ದರೆ ಮುಗಿಯಿತು, ಆಮೇಲೆ ಎಲ್ಲವೂ ಅದರ ಹಾಗೆಯೇ ಕೇಳಿಸುತ್ತದೆ.

ಚಿಕ್ ಅವರ ಖಚಿತ ಮಾದರಿ ಬೇಕಾದರೆ ಅವರ ಸ್ವಂತ ಬ್ಯಾಂಡಿನ ಪ್ಲೇಟುಗಳನ್ನೇ ಹುಡುಕಿ. 1951ರ 'ಅಲಬೇಲಾ' ಚಿತ್ರದಲ್ಲಿ ಅವರು ತಮ್ಮ ಬ್ಯಾಂಡಿನೊಂದಿಗೆ ಪರದೆಯ ಮೇಲೂ ಕಾಣಿಸಿಕೊಂಡಿದ್ದಾರೆ, ನೋಡಿ ಖುಷಿಪಡಿ. ಆದರೆ ಹೋಲಿಕೆಗೆ ಅದು ಅಷ್ಟು ಒಳ್ಳೆಯದಲ್ಲ. ನಡುವೆ ಹಲವು ವರ್ಷ ಕಳೆದಿವೆ, ಮೈಕು ಬೇರೆ, ಸಿನಿಮಾ ಹಾಡಿನ ಅಗತ್ಯವೂ ಬೇರೆ.

ಕಿವಿಯನ್ನು ಕೊನೆಗೆ ಇಡಿ ಅಂದೆನಲ್ಲ, ಅದಕ್ಕೆ ಬಿಕ್ಸ್ ಬೈಡರ್‌ಬೆಕ್ ಕಥೆ ನೋಡಿ. ಕಾರ್ನೆಟ್‌ನಲ್ಲಿ ಅಷ್ಟು ಸ್ವಂತ ದನಿ ಇದ್ದವರು ಕಡಿಮೆ. ಪಾಲ್ ವೈಟ್‌ಮನ್ ಆರ್ಕೆಸ್ಟ್ರಾದಲ್ಲಿದ್ದರು, ಕುಡಿತದಿಂದ ಆರೋಗ್ಯ ಕೆಟ್ಟಿತ್ತು. 1929ರಲ್ಲಿ ಅವರ ಹಾಗೆಯೇ ನುಡಿಸಬಲ್ಲ ಆಂಡಿ ಸೀಕ್ರೆಸ್ಟ್ ಎಂಬವರನ್ನು ಅದೇ ಆರ್ಕೆಸ್ಟ್ರಾಕ್ಕೆ ತೆಗೆದುಕೊಂಡರು. ಕೆಲವು ಕಾಲ ಇಬ್ಬರೂ ಅಕ್ಕಪಕ್ಕ ಕೂತಿದ್ದರು. ಆ ತಿಂಗಳುಗಳ ಕೆಲವು ಸೋಲೊಗಳು ಯಾರವು ಅಂತ ಜೀವನಪೂರ್ತಿ ಬಿಕ್ಸ್ ಕೇಳಿದವರೇ ಇವತ್ತಿಗೂ ಜಗಳಾಡುತ್ತಾರೆ. ಅಲ್ಲಿ ತಾರೀಖು ಗೊತ್ತು, ಊರು ಗೊತ್ತು, ಇದ್ದವರ ಪಟ್ಟಿಯೂ ಗೊತ್ತು. ಆದರೂ ಹಾಗೆ. ನಮ್ಮ ಹತ್ತಿರ ಇವು ಯಾವುವೂ ಇಲ್ಲದೆ ಬರೀ ಕಿವಿಯಿಂದ ತೀರ್ಪು ಕೊಡಲು ಹೊರಟರೆ ಹೇಗೆ?

ಇನ್ನು ಹೆಸರಿದ್ದರೂ ನಂಬಲಾಗದ ಕಡೆಗಳು. ಒಂದು ಕಂಪನಿಗೆ ಕರಾರು ಬರೆದುಕೊಟ್ಟವರು ಇನ್ನೊಂದು ಕಡೆ ಗುಟ್ಟಾಗಿ ನುಡಿಸುತ್ತಿದ್ದರು. ಸ್ಯಾಕ್ಸೊಫೋನ್‌ನ ಚಾರ್ಲಿ ಪಾರ್ಕರ್ 1953ರ ಟೊರಾಂಟೊ ಕಛೇರಿಯ ರೆಕಾರ್ಡಿನ ಮೇಲೆ 'ಚಾರ್ಲಿ ಚಾನ್' ಆದರು. ಚಾನ್ ಅವರ ಹೆಂಡತಿಯ ಹೆಸರು. ಗಿಟಾರಿನ ಎಡ್ಡಿ ಲ್ಯಾಂಗ್ ಬಿಳಿಯರು, ಕರಿಯ ಗಿಟಾರ್‌ಗಾರ ಲಾನಿ ಜಾನ್ಸನ್ ಜೊತೆ ನುಡಿಸುವಾಗ 'ಬ್ಲೈಂಡ್ ವಿಲ್ಲಿ ಡನ್' ಅಂತ ಹಾಕಿಸಿಕೊಂಡರು. ನಮ್ಮಲ್ಲೂ ಬೇರೆ ಹೆಸರಿನ ಪ್ಲೇಟುಗಳಿವೆ. ಗಂಗೂಬಾಯಿ ಹಾನಗಲ್ ಅವರ ಶುರುವಿನ ಎಚ್‌ಎಂವಿ ಪ್ಲೇಟುಗಳ ಮೇಲೆ ಇರುವುದು 'ಗಾಂಧಾರಿ'. ನಿಮ್ಮ ಗಂಟಿನಲ್ಲಿ ಅಂಥದ್ದು ಕಂಡರೆ ಯಾರೋ ಅಂತ ಪಕ್ಕಕ್ಕೆ ಹಾಕಬೇಡಿ ಮತ್ತೆ!

ಪುಸ್ತಕದಲ್ಲಿ ಇದೆ ಅಂತ ಯಾರಾದರೂ ಹೆಸರು ಕೊಟ್ಟರೆ ಯಾವ ಪುಸ್ತಕ, ಅದಕ್ಕೆ ಆಧಾರ ಏನು ಅಂತ ಕೇಳಿ. ಫ್ರಾನ್ಸಿನ ಶಾರ್ಲ್ ದೆಲೋನೆ 1936ರಲ್ಲೇ ಜಾಝ್ ರೆಕಾರ್ಡುಗಳ ಪಟ್ಟಿ ಪುಸ್ತಕ ತಂದರು, ಆಮೇಲೆ ಇಂಗ್ಲೆಂಡಿನ ಬ್ರಯನ್ ರಸ್ಟ್ ದೊಡ್ಡ ಸಂಪುಟಗಳನ್ನೇ ಮಾಡಿದರು. ಅಂಥವರು ಅನುಮಾನ ಇದ್ದ ಕಡೆ ಪ್ರಶ್ನೆ ಚಿಹ್ನೆ ಹಾಕಿದ್ದರು, 'ಬಹುಶಃ' ಅಂತ ಬರೆದಿದ್ದರು. ಅದನ್ನು ನೋಡಿ ಬರೆದವರು 'ಬಹುಶಃ' ಬಿಟ್ಟರು. ಅವರನ್ನು ನೋಡಿ ಬರೆದವರಿಗೆ ಅದು ಸತ್ಯವೇ ಆಯಿತು. ಹತ್ತು ಕಡೆ ಒಂದೇ ಹೆಸರು ಕಂಡರೆ ಹತ್ತು ಪುರಾವೆ ಸಿಕ್ಕಿತು ಅಂತಲ್ಲ, ಒಂದೇ ಊಹೆಯ ಹತ್ತು ನಕಲು ಇರಬಹುದು. ನೀವು ಬರೆದಿಡುವಾಗ ಹೀಗೆ ಬರೆಯಿರಿ: ನಂಬರು, ಟೇಕ್, ತಾರೀಖಿನ ಎರಡು ಗಡಿ, ಊರು. ಟ್ರಂಪೆಟ್ ಎದುರು 'ಅಜ್ಞಾತ'. ಅದರ ಪಕ್ಕ ಯಾರು ಯಾವ ಹೆಸರು ಹೇಳಿದರು, ಯಾಕೆ ಹೇಳಿದರು, ಕಾಗದ ನೋಡಿಯೋ ಕಿವಿಯಿಂದಲೋ. ಹೆಸರು ತುಂಬಿಸುವ ಆತುರ ಬೇಡ. ನನಗೆ ಮ್ಯಾಟ್ರಿಕ್ಸ್ ನಂಬರಿನ ಫೋಟೋ, ಎರಡೂ ಬದಿಯದು, ಕಳಿಸಿ. ಮೊದಲು ತಾರೀಖು ಬಿಗಿ ಮಾಡೋಣ. 1942ರ ಮುಂಚಿನದೋ ಆಮೇಲಿನದೋ ಅನ್ನುವುದು ಗೊತ್ತಾದರೂ ಪಟ್ಟಿಯಲ್ಲಿ ಅರ್ಧ ಜನ ಹೊರಗೆ ಹೋಗುತ್ತಾರೆ.

ಮಾರುವ ವಿಷಯ. ಬೆಲೆ ಹೇಳುವ ಕೆಲಸ ನಾನು ಮಾಡುವುದಿಲ್ಲ, ಮಾರಬೇಡಿ ಅಂತಲೂ ಹೇಳುವುದಿಲ್ಲ, ಪ್ಲೇಟು ನಿಮ್ಮದು. ಕೊಡುವ ಮುಂಚೆ ಎರಡೂ ಬದಿಯನ್ನು ಸರಿಯಾಗಿ ಇಳಿಸಿಕೊಳ್ಳಿ, ಲೇಬಲ್ ಮತ್ತು ನುಣುಪು ಜಾಗದ ಫೋಟೋ ತೆಗೆದಿಟ್ಟುಕೊಳ್ಳಿ. ಕೊಳ್ಳುವವರು 'ಚಿಕ್ ಚಾಕೊಲೇಟ್ ಇದ್ದಾರೆ' ಅಂತ ಬರೆದುಕೊಡಿ ಅಂದರೆ ಬರೆದುಕೊಡಬೇಡಿ. ಮತ್ತೆ ಅಂಚೆಯಲ್ಲಿ ಕಳಿಸುವುದಾದರೆ ಎರಡೂ ಕಡೆ ಗಟ್ಟಿ ರಟ್ಟು, ಸುತ್ತ ದಪ್ಪ ಬಟ್ಟೆ, ಅದರ ಹೊರಗೆ ಇನ್ನೊಂದು ಡಬ್ಬಿ. ಅರಗಿನ ಪ್ಲೇಟು ಒಂದು ಸಲ ಬಿದ್ದರೆ ಅಷ್ಟೇ.